ಅಳುವ ಮಗುವೂ ನಗೆಯ ಅನಿಲವೂ

ಹಲ್ಲುನೋವಿಗೆ ಹೊತ್ತುಗೊತ್ತಿಲ್ಲವೆನ್ನುತ್ತಾರೆ. ಆದರೆ ಮಕ್ಕಳಿರುವ ಮನೆಯಲ್ಲಿ ಅದು ಬರುವುದು ಬಹುಮಟ್ಟಿಗೆ ರಾತ್ರಿಯ ವೇಳೆಯಲ್ಲಿಯೇ. ದೀಪಗಳೆಲ್ಲ ಆರಿ ಮನೆಮಂದಿ ಮಲಗಿದ ಮೇಲೆ ಆರು ವರ್ಷದ ಕೂಸು ಕೆನ್ನೆ ಹಿಡಿದುಕೊಂಡು ಎದ್ದು ಕೂರುತ್ತದೆ. ಅಜ್ಜಿ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಹುಳುಕು ಹಲ್ಲಿಗೆ ಒತ್ತಿ ಹಿಡಿಯುತ್ತಾಳೆ. ತಾಯಿ ಮುಕ್ಕಳಿಸಲು ಉಗುರುಬೆಚ್ಚಗಿನ ಉಪ್ಪುನೀರು ತರುತ್ತಾಳೆ. ತಂದೆ ಬೆಳಗಾಗುವುದನ್ನೇ ಕಾಯುತ್ತಾನೆ. ಬೆಳಗಾಗುವಷ್ಟರಲ್ಲಿ ನೋವು ಅರ್ಧ ಇಳಿದಿರುತ್ತದೆ. “ನಡೆ ಮಗು, ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ” ಎಂದೊಡನೆ ಉಳಿದರ್ಧವೂ ಮಂಗಮಾಯ! ಮಗು ತುಟಿ ಬಿಗಿದುಕೊಂಡು “ನನಗೆ ನೋವೇ ಇಲ್ಲ” ಎಂದುಬಿಡುತ್ತದೆ.

ಈ ಅಂಜಿಕೆಯನ್ನು ದೊಡ್ಡವರು ನಕ್ಕು ಮರೆಯುತ್ತಾರೆ. ಆದರೆ ಅದು ನಗುವ ಮಾತಲ್ಲ. ಹೆದರಿದ ಮಗು ಇಂದು ಚಿಕಿತ್ಸೆಯಿಂದ ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಂಡ ಹಲ್ಲು ನಾಳೆ ಇನ್ನಷ್ಟು ಕೆಡುತ್ತದೆ. ಕೆಟ್ಟ ಹಲ್ಲಿಗೆ ನಾಡಿದ್ದು ಬೇಕಾಗುವ ಚಿಕಿತ್ಸೆ ಇನ್ನೂ ದೊಡ್ಡದಾಗಿ, ಅಂಜಿಕೆಯೂ ಅದರ ಜೊತೆಗೇ ಬೆಳೆಯುತ್ತದೆ. ನಲವತ್ತು ವರ್ಷ ದಾಟಿದ ಮೇಲೂ ಹಲ್ಲಿನ ವೈದ್ಯರ ಬಾಗಿಲು ತುಳಿಯಲು ಹಿಂಜರಿಯುವ ಗಂಡಸರೂ ಹೆಂಗಸರೂ ನಮ್ಮ ನಡುವೆ ಎಷ್ಟು ಮಂದಿ ಇಲ್ಲ! ಅವರನ್ನು ಕೇಳಿ ನೋಡಿ: ಅನೇಕರ ಭಯದ ಬೇರು ಬಾಲ್ಯದ ಯಾವುದೋ ಒಂದು ದಿನದಲ್ಲಿ, ಯಾರೋ ಕೈಕಾಲು ಅದುಮಿ ಹಿಡಿದಿದ್ದ ಒಂದು ಕುರ್ಚಿಯಲ್ಲಿ ಹುದುಗಿರುತ್ತದೆ.

ಈ ಬೇರನ್ನು ಮೊಳೆಯುವ ಮೊದಲೇ ಚಿವುಟುವ ಉಪಾಯಗಳಲ್ಲಿ ಒಂದನ್ನು ಕುರಿತು ಇಲ್ಲಿ ಹೇಳಬೇಕೆಂದಿದೆ. ಅದೊಂದು ಅನಿಲ. ಬಣ್ಣವಿಲ್ಲದ್ದು, ತುಸು ಸಿಹಿಯಾದ ವಾಸನೆಯುಳ್ಳದ್ದು. ಶಾಸ್ತ್ರದಲ್ಲಿ ಅದಕ್ಕೆ ನೈಟ್ರಸ್ ಆಕ್ಸೈಡ್ ಎಂದು ಹೆಸರು. ಲೋಕದ ಬಾಯಲ್ಲಿ ಅದು ನಗೆಯ ಅನಿಲ.

ಹಾಲುಹಲ್ಲು ತಾನೆ, ಬಿಡಿ!

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. “ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಇಷ್ಟೆಲ್ಲ ಉಪಚಾರ?” ಎಂದು ಕೇಳುವವರುಂಟು. ಹಾಲುಹಲ್ಲುಗಳು ಒಟ್ಟು 20. ಮುಂದಿನವು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ಹಿಂದಿನ ದವಡೆಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೂ ಮಗುವಿಗೆ ಊಟ ಅಗಿಯಲು ನೆರವಾಗಬೇಕು. ಅಷ್ಟೇ ಅಲ್ಲ, ಕೆಳಗಿನಿಂದ ಮೇಲೇರಿ ಬರುವ ಶಾಶ್ವತ ಹಲ್ಲಿಗೆ ಅವು ಜಾಗ ಕಾದಿರಿಸುತ್ತವೆ. ಕಾಲಕ್ಕೆ ಮುಂಚೆ ಒಂದು ಬಿದ್ದರೆ ಅಕ್ಕಪಕ್ಕದವು ವಾಲಿಕೊಂಡು, ಬರಬೇಕಾದ ಹಲ್ಲು ಜಾಗ ಸಾಲದೆ ಅಡ್ಡಾದಿಡ್ಡಿಯಾಗಿ ಹುಟ್ಟುತ್ತದೆ. ಬೇರಿನಲ್ಲಿ ಕೀವು ಕಟ್ಟಿದರೆ ಅದು ಕೆಳಗಿರುವ ಎಳೆಯ ಹಲ್ಲಿಗೂ ಕೇಡು ತರಬಲ್ಲುದು.

ಮತ್ತೊಂದು ಮಾತು. ಸುಮಾರು ಆರನೆಯ ವರ್ಷದಲ್ಲಿ, ಯಾವ ಹಾಲುಹಲ್ಲೂ ಬೀಳದೆಯೇ, ಸಾಲಿನ ಹಿಂದೆ ಹೊಸ ದವಡೆಹಲ್ಲೊಂದು ಸದ್ದಿಲ್ಲದೆ ಮೂಡುತ್ತದೆ. ಅನೇಕ ತಾಯಿತಂದೆಯರು ಅದನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ. ಅದು ಆಯುಷ್ಯಪೂರ್ತಿ ಇರಬೇಕಾದ ಹಲ್ಲು. ಅದು ಹುಳುಕಾದರೆ ಬದಲಿಗೆ ಮತ್ತೊಂದು ಬರುವುದಿಲ್ಲ. ಆದುದರಿಂದ ಐದಾರು ವರ್ಷದ ಮಗುವಿನ ಬಾಯಲ್ಲಿ ಚಿಕಿತ್ಸೆ ನಡೆಯಬೇಕಾದ ಸಂದರ್ಭ ಬಂದೇ ಬರುತ್ತದೆ. ಆ ಚಿಕಿತ್ಸೆ ನಡೆಯಬೇಕಾದರೆ ಮಗು ಬಾಯಿ ತೆರೆಯಬೇಕು. ಕಥೆಯೆಲ್ಲ ಇರುವುದು ಇಲ್ಲಿಯೇ.

ಬಾಯಿ ತೆರೆಸುವ ದಾರಿಗಳು ಹಿಂದಿನಿಂದಲೂ ಎರಡು. ಒಂದು ಬಲಾತ್ಕಾರ. ಅಮೆರಿಕದಲ್ಲಿ ಒಂದು ಕಾಲಕ್ಕೆ, ಕಿರುಚುವ ಮಗುವಿನ ಬಾಯನ್ನು ಅಂಗೈಯಿಂದ ಮುಚ್ಚಿ ಸುಮ್ಮನಾಗಿಸುವುದೂ ಒಂದು ಮಾನ್ಯ ಪದ್ಧತಿಯಾಗಿತ್ತು. ಅಲ್ಲಿನ ಮಕ್ಕಳ ದಂತವೈದ್ಯರ ಸಂಸ್ಥೆ 2006ರಲ್ಲಿ ಅದನ್ನು ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿತು. ಮತ್ತೊಂದು ಪೂರ್ಣ ಅರಿವಳಿಕೆ, ಎಂದರೆ ಮಗುವಿನ ಎಚ್ಚರವನ್ನೇ ಸಂಪೂರ್ಣವಾಗಿ ತಪ್ಪಿಸಿ ಕೆಲಸ ಮುಗಿಸುವುದು. ಮೊದಲನೆಯದು ಮನಸ್ಸಿಗೆ ಗಾಯ ಮಾಡುತ್ತದೆ. ಎರಡನೆಯದಕ್ಕೆ ಆಸ್ಪತ್ರೆ, ಅರಿವಳಿಕೆ ತಜ್ಞರು, ಉಪವಾಸ, ಹಾಗೂ ಅಪರೂಪದ್ದಾದರೂ ಅಲ್ಲಗಳೆಯಲಾಗದ ಅಪಾಯ ಇವೆಲ್ಲ ಬೆನ್ನಿಗಿವೆ. ಇವೆರಡರ ನಡುವೆ ಹಾಯುವ ಮೂರನೆಯ ದಾರಿಯೇ ನಗೆಯ ಅನಿಲದ್ದು.

ಜಾತ್ರೆಯ ಆಟದಿಂದ ವೈದ್ಯರ ಕೈಗೆ

ಈ ಅನಿಲದ ಪೂರ್ವಕಥೆ ಕಾದಂಬರಿಗೆ ಕಡಿಮೆಯಿಲ್ಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಅದನ್ನು ಮೊದಲು ತಯಾರಿಸಿದ್ದು 1772ರಲ್ಲಿ. ಬ್ರಿಸ್ಟಲ್ ನಗರದಲ್ಲಿ ಡಾಕ್ಟರ್ ಥಾಮಸ್ ಬೆಡೋಸ್ ಎಂಬಾತ, ಅನಿಲಗಳಿಂದ ರೋಗ ಗುಣಪಡಿಸಬಹುದೇ ಎಂದು ಪರೀಕ್ಷಿಸಲು ಒಂದು ಸಂಸ್ಥೆಯನ್ನು ತೆರೆದ. ಅಲ್ಲಿ ಕೆಲಸಕ್ಕೆ ಸೇರಿದ ಹಂಫ್ರಿ ಡೇವಿಗೆ ಆಗ ಇಪ್ಪತ್ತರ ಹರೆಯ. 1799ರಲ್ಲಿ ಆತ ಈ ಅನಿಲವನ್ನು ರೇಷ್ಮೆಯ ಚೀಲದಲ್ಲಿ ತುಂಬಿ ತಾನೇ ಸೇದಿ ನೋಡಿದ, ಗೆಳೆಯರಿಗೂ ಸೇದಿಸಿದ. ಕವಿಗಳಾದ ಕೋಲ್‌ರಿಜ್, ಸದೆ ಮೊದಲಾದವರೂ ಆ ಗೋಷ್ಠಿಯಲ್ಲಿದ್ದರು. ಸೇದಿದವರಿಗೆ ಮೈ ಹಗುರವಾಗಿ, ಕಾರಣವಿಲ್ಲದೆ ನಗೆ ಉಕ್ಕಿಬರುತ್ತಿತ್ತು.

ಆ ದಿನಗಳಲ್ಲಿ ಡೇವಿಗೆ ಬುದ್ಧಿಹಲ್ಲು ಹುಟ್ಟುತ್ತಿದ್ದು ವಸಡು ಬಾತುಕೊಂಡಿತ್ತು. ಅನಿಲ ಸೇದಿದಾಗ ಆ ನೋವು ತಗ್ಗುವುದನ್ನು ಆತ ಗಮನಿಸಿದ. 1800ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಹೆಚ್ಚು ರಕ್ತ ಹೋಗದ ಶಸ್ತ್ರಕ್ರಿಯೆಗಳಲ್ಲಿ ಇದು ಉಪಯೋಗಕ್ಕೆ ಬರಬಹುದೆಂದು ಬರೆದೂ ಇಟ್ಟ. ಶಸ್ತ್ರವೈದ್ಯರು ಆ ಮಾತಿಗೆ ಕಿವಿಗೊಡಲಿಲ್ಲ. ಮುಂದೆ 44 ವರ್ಷಗಳ ಕಾಲ ಈ ಅನಿಲ ವಿನೋದಗೋಷ್ಠಿಗಳ, ಟಿಕೆಟ್ಟಿನ ಪ್ರದರ್ಶನಗಳ ಸರಕಾಗಿಯೇ ಉಳಿಯಿತು.

ಅಂತಹ ಒಂದು ಪ್ರದರ್ಶನ 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ನಡೆಯಿತು. ನಡೆಸಿದಾತ ಗಾರ್ಡ್ನರ್ ಕೋಲ್ಟನ್. ಅನಿಲ ಸೇದಿದ ಸ್ಯಾಮ್ಯುಅಲ್ ಕೂಲಿ ಎಂಬ ತರುಣ ಕುಣಿದಾಡುತ್ತ ಕಾಲಿಗೆ ಪೆಟ್ಟುಮಾಡಿಕೊಂಡ. ಆದರೆ ಅಮಲು ಇಳಿಯುವವರೆಗೂ ಆತನಿಗೆ ಪೆಟ್ಟಿನ ಅರಿವೇ ಇರಲಿಲ್ಲ. ಪ್ರೇಕ್ಷಕರಲ್ಲಿ ಕುಳಿತಿದ್ದ ಹೊರೇಸ್ ವೆಲ್ಸ್ ಎಂಬ ದಂತವೈದ್ಯನ ಕಣ್ಣಿಗೆ ಅದು ಬಿತ್ತು. ಉಳಿದವರು ನಕ್ಕರು, ಆತ ಯೋಚಿಸಿದ. ಮಾರನೆಯ ದಿನವೇ ಕೋಲ್ಟನ್‌ನಿಂದ ಅನಿಲ ಪಡೆದು ಸೇದಿ, ತನ್ನದೇ ಒಂದು ದವಡೆಹಲ್ಲನ್ನು ಜಾನ್ ರಿಗ್ಸ್ ಎಂಬ ದಂತವೈದ್ಯನಿಂದ ಕೀಳಿಸಿಕೊಂಡ. ನೋವು ತಿಳಿಯಲಿಲ್ಲ. ಮನುಷ್ಯ ಹಲ್ಲುನೋವಿಗೆ ಅಳಬೇಕಾಗಿಲ್ಲವೆಂಬ ಆಶೆಗೆ ಅಂದು ಬಾಗಿಲು ತೆರೆಯಿತು.

ಆದರೆ ವಿಧಿ ಬೇರೆಯೇ ಬಗೆದಿತ್ತು. 1845ರ ಜನವರಿಯಲ್ಲಿ ವೆಲ್ಸ್ ಬಾಸ್ಟನ್ ನಗರಕ್ಕೆ ಹೋಗಿ ವೈದ್ಯರ, ವಿದ್ಯಾರ್ಥಿಗಳ ಸಭೆಯಲ್ಲಿ ಒಬ್ಬನ ಹಲ್ಲು ಕಿತ್ತು ತೋರಿಸಿದ. ಅನಿಲದ ಚೀಲವನ್ನು ಬೇಗನೆ ತೆಗೆದುಬಿಟ್ಟಿದ್ದರಿಂದ ರೋಗಿ ನರಳಿದ. ಸಭೆ “ಮೋಸ” ಎಂದು ಕೂಗಿ ನಕ್ಕಿತು. ಮರುವರ್ಷ, 1846ರ ಅಕ್ಟೋಬರ್ 16ರಂದು, ಅದೇ ಬಾಸ್ಟನ್ನಿನಲ್ಲಿ ವೆಲ್ಸ್‌ನ ಹಳೆಯ ಜೊತೆಗಾರ ವಿಲಿಯಂ ಮಾರ್ಟನ್ ಈಥರ್ ಬಳಸಿ ಜಗತ್ತಿನ ಕೀರ್ತಿ ಗಳಿಸಿದ. ಮನಸ್ಸು ಮುರಿದ ವೆಲ್ಸ್ ಮತ್ತೊಂದು ಅರಿವಳಿಕೆಯಾದ ಕ್ಲೋರೋಫಾರಮ್ಮನ್ನು ತನ್ನ ಮೇಲೆಯೇ ಪ್ರಯೋಗಿಸುತ್ತ ಅದರ ದಾಸನಾದ. 1848ರ ಜನವರಿಯಲ್ಲಿ, 33 ವರ್ಷದವನಾಗಿದ್ದಾಗ, ನ್ಯೂಯಾರ್ಕಿನ ಸೆರೆಮನೆಯೊಂದರಲ್ಲಿ ತನ್ನ ಬಾಳನ್ನು ತಾನೇ ಕೊನೆಗಾಣಿಸಿಕೊಂಡ. ಅಮೆರಿಕದ ದಂತವೈದ್ಯರ ಸಂಘ ಅರಿವಳಿಕೆಯ ಮೊದಲಿಗನೆಂದು ಆತನನ್ನು ಒಪ್ಪಿಕೊಂಡದ್ದು 1864ರಲ್ಲಿ. ಹಾರ್ಟ್‌ಫರ್ಡಿನ ಬುಷ್ನೆಲ್ ಉದ್ಯಾನದಲ್ಲಿ ಆತನ ಪ್ರತಿಮೆ ನಿಂತಿದೆ.

ಅನಿಲ ಅದೇ, ಅಳತೆ ಬೇರೆ

ವೆಲ್ಸ್‌ನ ಚೀಲಕ್ಕೂ ಇಂದಿನ ದಂತವೈದ್ಯರ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ತಿಳಿದರೆ ತಾಯಿತಂದೆಯರ ಅರ್ಧ ಆತಂಕ ಕಳೆದಂತೆ. ಅಂದು ಚೀಲದಲ್ಲಿದ್ದುದು ಬರಿಯ ನೈಟ್ರಸ್ ಆಕ್ಸೈಡ್. ಅದನ್ನು ಸೇದುವಷ್ಟು ಹೊತ್ತು ರೋಗಿಗೆ ಆಮ್ಲಜನಕವೇ ದೊರೆಯುತ್ತಿರಲಿಲ್ಲ. ಆತ ಪ್ರಜ್ಞೆ ತಪ್ಪುತ್ತಿದ್ದುದರಲ್ಲಿ ಅನಿಲದ ಪಾಲೆಷ್ಟೋ ಉಸಿರುಕಟ್ಟುವಿಕೆಯ ಪಾಲೂ ಅಷ್ಟಿತ್ತು, ತುಟಿ ನೀಲಿಗಟ್ಟುತ್ತಿತ್ತು. ಅನಿಲಕ್ಕೆ ಆಮ್ಲಜನಕವನ್ನು ಬೆರೆಸಿಕೊಡಬೇಕೆಂದು ಷಿಕಾಗೋ ನಗರದ ಎಡ್ಮಂಡ್ ಆಂಡ್ರ್ಯೂಸ್ ಎಂಬ ಶಸ್ತ್ರವೈದ್ಯ ಸೂಚಿಸಿದ್ದು 1868ರಲ್ಲಿ. ಈ ಒಂದು ಸೂಚನೆಯಿಂದ ಅನಿಲದ ಭವಿಷ್ಯವೇ ಬದಲಾಯಿತು.

ಇಂದು ಮಗುವಿಗೆ ಕೊಡುವ ಮಿಶ್ರಣದಲ್ಲಿ ನೈಟ್ರಸ್ ಆಕ್ಸೈಡ್ ಸಾಮಾನ್ಯವಾಗಿ ಶೇಕಡ 30ರಿಂದ 40. 50ನ್ನು ಮೀರುವುದು ವಿರಳ. ಮಿಕ್ಕದ್ದೆಲ್ಲ ಆಮ್ಲಜನಕವೇ. ನಾವು ನೀವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಇರುವುದು ಶೇಕಡ 21. ಎಂದ ಮೇಲೆ, ಕುರ್ಚಿಯಲ್ಲಿ ಒರಗಿರುವ ಮಗುವಿಗೆ ದೊರೆಯುವ ಆಮ್ಲಜನಕ ಅದರ ಪಕ್ಕದಲ್ಲಿ ಕುಳಿತ ತಾಯಿಗೆ ದೊರೆಯುವುದರ ಎರಡು ಪಟ್ಟಿಗೂ ಹೆಚ್ಚು! ಇದಕ್ಕಾಗಿಯೇ ರಚಿತವಾದ ಯಂತ್ರಗಳು ಆಮ್ಲಜನಕ ಶೇಕಡ 30ಕ್ಕಿಂತ ಕೆಳಗಿಳಿಯದಂತೆ ತಡೆಯುತ್ತವೆ. ಅದರ ಸರಬರಾಜು ನಿಂತರೆ ನೈಟ್ರಸ್ ಆಕ್ಸೈಡೂ ತಾನಾಗಿ ನಿಂತುಹೋಗುತ್ತದೆ. ನೀಲಿ ಬಣ್ಣದ ಸಿಲಿಂಡರು ನಗೆಯ ಅನಿಲದ್ದು. ಬಿಳಿಯ ಹೆಗಲಿನ ಕಪ್ಪು ಸಿಲಿಂಡರು ಆಮ್ಲಜನಕದ್ದು. ಅವಸರದಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಜೋಡಿಸಲಾಗದಂತೆ, ಬೀಗಕ್ಕೆ ಬೀಗದ ಕೈ ಹೊಂದುವ ಹಾಗೆ, ಪ್ರತಿಯೊಂದರ ಮೂತಿಯಲ್ಲಿಯೂ ಬೇರೆಬೇರೆ ತೂತುಗಳನ್ನು ಇಟ್ಟಿರುತ್ತಾರೆ.

“ಅತಿಯಾದರೆ ಅಮೃತವೂ ವಿಷ” ಎಂಬ ನಮ್ಮ ಗಾದೆ ಈ ಅನಿಲದ ಇತಿಹಾಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಬೇಕಾಗಿದ್ದುದು ಹೊಸ ಮದ್ದಲ್ಲ, ಸರಿಯಾದ ಅಳತೆ.

ಕುರ್ಚಿಯಲ್ಲಿ ನಡೆಯುವುದೇನು?

ಆರು ವರ್ಷದ ಬಾಲಕಿಯೊಬ್ಬಳು ದವಡೆಹಲ್ಲಿನ ಹುಳುಕು ತುಂಬಿಸಿಕೊಳ್ಳಲು ಬಂದಿದ್ದಾಳೆಂದು ಇಟ್ಟುಕೊಳ್ಳಿ. ಬಂದೊಡನೆ ಯಾರೂ ಆಕೆಯ ಮುಖಕ್ಕೆ ಏನನ್ನೂ ಕಟ್ಟುವುದಿಲ್ಲ. ವೈದ್ಯೆ ಮೊದಲು ಮಾಸ್ಕನ್ನು ಆಕೆಯ ಕೈಗೇ ಕೊಡುತ್ತಾರೆ. ಅದು ಮೂಗನ್ನು ಮಾತ್ರ ಮುಚ್ಚುವ ಸಣ್ಣ, ಮೆತ್ತನೆಯ ಗೊರಟೆ; ಎಷ್ಟೋ ಕಡೆ ಸ್ಟ್ರಾಬೆರಿಯ ಪರಿಮಳವೂ ಇರುತ್ತದೆ. “ಇದು ವಿಮಾನ ನಡೆಸುವವರು ಹಾಕಿಕೊಳ್ಳುವ ಮೂಗು. ಮೊದಲು ನಿನ್ನ ಅಮ್ಮನಿಗೆ ಹಾಕಿ ನೋಡೋಣವೆ?” ಎನ್ನುತ್ತಾರೆ. ಹೇಳುವುದು, ತೋರಿಸುವುದು, ಆಮೇಲೆ ಮಾಡುವುದು: ಮಕ್ಕಳ ದಂತವೈದ್ಯರಿಗೆಲ್ಲ ಪಾಠವಾಗಿರುವ ಈ ಮೂರು ಮೆಟ್ಟಿಲಿನ ಕ್ರಮವನ್ನು ಅಮೆರಿಕದ ಹೆರಾಲ್ಡ್ ಆಡಲ್‌ಸ್ಟನ್ ಎಂಬವರು 1959ರಲ್ಲಿ ಬರೆದು ಪ್ರಚಾರಕ್ಕೆ ತಂದರು.

ಮಾಸ್ಕ್ ಇಟ್ಟ ಮೇಲೆ ಒಂದೆರಡು ನಿಮಿಷ ಬರಿಯ ಆಮ್ಲಜನಕ ಹರಿಯುತ್ತದೆ. ಯಂತ್ರಕ್ಕೆ ತಗುಲಿಹಾಕಿದ ರಬ್ಬರಿನ ಚೀಲವೊಂದು ಮಗುವಿನ ಉಸಿರಿಗೆ ತಕ್ಕಂತೆ ಉಬ್ಬಿ ಕುಗ್ಗುತ್ತದೆ. ಬೆರಳ ತುದಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರು ನಾಡಿಯ ಬಡಿತವನ್ನೂ ರಕ್ತದಲ್ಲಿರುವ ಆಮ್ಲಜನಕವನ್ನೂ ತೋರಿಸುತ್ತಿರುತ್ತದೆ. ಅನಂತರ ನೈಟ್ರಸ್ ಆಕ್ಸೈಡನ್ನು ಶೇಕಡ 10ರಷ್ಟು ಕೊಟ್ಟು ಒಂದು ನಿಮಿಷ ಕಾಯುತ್ತಾರೆ. ಮತ್ತೆ 10 ಏರಿಸುತ್ತಾರೆ, ಮತ್ತೆ ಕಾಯುತ್ತಾರೆ. ಇಂತಿಷ್ಟೇ ಎಂಬ ಅಳತೆಯನ್ನು ಪುಸ್ತಕ ಹೇಳುವುದಿಲ್ಲ, ಮಗುವೇ ಹೇಳುತ್ತದೆ. ಕೈಬೆರಳು ಕಾಲ್ಬೆರಳುಗಳಲ್ಲಿ ಜುಮುಜುಮು. ಮೈ ಬೆಚ್ಚಗಾಗಿ ಹಗುರವಾದ ಅನುಭವ. ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದ ಮುಷ್ಟಿ ಮೆಲ್ಲನೆ ಸಡಿಲುವುದು. ಅತ್ತಿತ್ತ ಓಡುತ್ತಿದ್ದ ಕಣ್ಣು ಒಂದೆಡೆ ನಿಲ್ಲುವುದು. ತುಟಿಯಂಚಿನಲ್ಲಿ ಒಂದು ಎಳೆನಗು. ಹೆಸರು ನಗೆಯ ಅನಿಲವೆಂದಿದ್ದರೂ ಮಗು ಬಿದ್ದುಬಿದ್ದು ನಗುವುದಿಲ್ಲ. ಈ ಎಳೆನಗುವೇ ಅದರ ನಗೆ.

ಮಗುವಿಗೆ ನಿದ್ರೆ ಬಂದಿರುವುದಿಲ್ಲ. ಇದು ಈ ಚಿಕಿತ್ಸೆಯ ಹೃದಯ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. “ಇನ್ನೂ ಸ್ವಲ್ಪ ಬಾಯಿ ಅಗಲಿಸು ಪುಟ್ಟಿ” ಎಂದರೆ ಅಗಲಿಸುತ್ತದೆ. ಬ್ರಿಟನ್ನಿನಲ್ಲಿ ಈ ವಿದ್ಯೆಯನ್ನು ಕಲಿಸುವವರು ಬಾಯಿಗೆ ಊರೆ ಕೊಟ್ಟು ತೆರೆದಿರಿಸಬಾರದೆಂದು ಎಚ್ಚರಿಸುತ್ತಾರೆ. ಏಕೆಂದರೆ ಅನಿಲ ಮಿತಿ ಮೀರಿದರೆ ಮೊದಲು ತೋರುವ ಸೂಚನೆಗಳಲ್ಲೊಂದು ಬಾಯಿ ತಾನಾಗಿ ಮುಚ್ಚಿಕೊಳ್ಳುವುದು. ಊರೆ ಇದ್ದರೆ ಆ ಸೂಚನೆ ಮರೆಯಾಗುತ್ತದೆ. ಮಗು ತನ್ನ ಇಚ್ಛೆಯಿಂದ ಬಾಯಿ ತೆರೆದುಕೊಂಡಿರುವವರೆಗೆ ಅದು ಕ್ಷೇಮವಾಗಿದೆಯೆಂದು ತಿಳಿಯಬಹುದು. ಹೀಗೆ, ಮಗುವಿನ ಒಪ್ಪಿಗೆಯೇ ಇಲ್ಲಿ ಅದರ ರಕ್ಷೆಯೂ ಆಗಿದೆ. ಬಲಾತ್ಕಾರದ ದಾರಿಗೂ ಇದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಂಗತಿ ಮತ್ತೊಂದಿಲ್ಲ.

ಒಂದು ಮಾತನ್ನು ಮರೆಯಬಾರದು. ಈ ಅನಿಲ ನೋವನ್ನು ತುಸು ತಗ್ಗಿಸುವುದಾದರೂ ಹಲ್ಲನ್ನು ಮರಗಟ್ಟಿಸುವುದಿಲ್ಲ. ಅದಕ್ಕೆ ವಸಡಿಗೆ ಕೊಡುವ ಚುಚ್ಚುಮದ್ದು ಬೇಕೇ ಬೇಕು. ಅನಿಲದ ಕೆಲಸ ಆ ಸೂಜಿಯನ್ನು ಸಹಿಸಿಕೊಳ್ಳುವ ಧೈರ್ಯವನ್ನು ಮಗುವಿಗೆ ಕೊಡುವುದು. ಹೊತ್ತು ಬೇಗ ಕಳೆದಂತೆ ತೋರುವುದರಿಂದ ಅರ್ಧ ಗಂಟೆಯ ಕೆಲಸ ಮಗುವಿಗೆ ಐದು ನಿಮಿಷವೆನ್ನಿಸಬಹುದು.

ಕೆಲಸ ಮುಗಿದ ಮೇಲೆ ಸುಮಾರು ಐದು ನಿಮಿಷ ಮತ್ತೆ ಬರಿಯ ಆಮ್ಲಜನಕ. ಈ ಅನಿಲ ರಕ್ತದಲ್ಲಿ ಬಹಳ ಕಡಿಮೆ ಕರಗುತ್ತದೆ. ಅದಕ್ಕೆಂದೇ ಬೇಗ ಮಿದುಳಿಗೆ ತಲಪುತ್ತದೆ, ಬೇಗ ಹೊರಟೂಹೋಗುತ್ತದೆ. ಪಿತ್ತಜನಕಾಂಗಕ್ಕಾಗಲಿ ಮೂತ್ರಪಿಂಡಕ್ಕಾಗಲಿ ಅದನ್ನು ಅರಗಿಸುವ ಹೊರೆಯಿಲ್ಲ. ಒಳಗೆ ಹೋದಂತೆಯೇ ಉಸಿರಿನ ಮೂಲಕ ಹೊರಗೆ ಬರುತ್ತದೆ. ಮಾಸ್ಕ್ ತೆಗೆದ ಸ್ವಲ್ಪ ಹೊತ್ತಿನಲ್ಲಿಯೇ ಮಗು ಎಂದಿನಂತಾಗುತ್ತದೆ. ತುಟಿಯ ಮರಗಟ್ಟುವಿಕೆ ಮಾತ್ರ ಇನ್ನೆರಡು ಮೂರು ಗಂಟೆ ಇರುವುದರಿಂದ, ಮಗು ತನ್ನ ತುಟಿಯನ್ನೇ ಕಚ್ಚಿ ಗಾಯ ಮಾಡಿಕೊಳ್ಳದಂತೆ ತಾಯಿ ಕಣ್ಣಿಟ್ಟಿರಬೇಕು.

ಎಲ್ಲರಿಗೂ ಹೊಂದುವುದಿಲ್ಲ

ಹೊಗಳಿಕೆ ಇಷ್ಟಾಯಿತು, ಇನ್ನು ಮಿತಿಗಳನ್ನೂ ಹೇಳಬೇಕು. ಮೂಗಿನಿಂದ ಉಸಿರಾಡಲಾಗದ ಮಗುವಿಗೆ ಈ ಅನಿಲ ನಿರರ್ಥಕ. ನೆಗಡಿಯಿಂದ ಮೂಗು ಕಟ್ಟಿದ್ದರೆ ದಿನವನ್ನು ಮುಂದಕ್ಕೆ ಹಾಕುವುದೇ ಲೇಸು. ಮಾತು ತಿಳಿದು ಸ್ಪಂದಿಸುವ ವಯಸ್ಸೂ ಬೇಕು. ಎರಡು ಮೂರು ವರ್ಷದ ಹಸುಳೆಗಳಲ್ಲಿ, ಮಾಸ್ಕನ್ನೇ ಮುಟ್ಟಗೊಡದಷ್ಟು ಬೆದರಿದ ಮಕ್ಕಳಲ್ಲಿ ಇದು ಫಲಿಸುವುದು ಕಷ್ಟ. ಬಾಯಿತುಂಬ ಹಲ್ಲು ಕೆಟ್ಟಿರುವ ಪುಟ್ಟ ಮಗುವಿಗೂ, ಕೆಲವು ವಿಶೇಷ ತೊಂದರೆಗಳುಳ್ಳ ಮಕ್ಕಳಿಗೂ ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಚಿಕಿತ್ಸೆ ಮುಗಿಸುವುದೇ ಸರಿಯಾದ ಕ್ರಮವಾಗಬಹುದು. ಅದನ್ನು ಸೋಲೆಂದು ಯಾರೂ ತಿಳಿಯಬೇಕಾಗಿಲ್ಲ.

ಈ ಅನಿಲ ದೇಹದೊಳಗೆ ಗಾಳಿ ಸೇರಿಕೊಂಡಿರುವ ಎಡೆಗಳಿಗೆ ನುಗ್ಗಿ ಅಲ್ಲಿ ಒತ್ತಡ ಹೆಚ್ಚಿಸುತ್ತದೆ. ಆದುದರಿಂದ ಕಿವಿಯ ಸೋಂಕು, ಇತ್ತೀಚಿನ ಕಿವಿ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ, ಶ್ವಾಸಕೋಶದ ಕಾಯಿಲೆ, ಕರುಳಿನ ತಡೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಇನ್ನೊಂದು ವಿಷಯ ಶಾಕಾಹಾರದ ಮನೆಗಳವರು ವಿಶೇಷವಾಗಿ ಗಮನಿಸತಕ್ಕದ್ದು. ನೈಟ್ರಸ್ ಆಕ್ಸೈಡು ಬಿ12 ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಆರೋಗ್ಯವಂತ ಮಗುವಿಗೆ ಅರ್ಧ ಗಂಟೆಯ ಸೇವನೆಯಿಂದ ಬಾಧೆಯಿಲ್ಲವೆಂದೇ ಅನುಭವ. ಆದರೆ ಬಿ12 ಕೊರತೆಯಿದೆಯೆಂದು ಮೊದಲೇ ತಿಳಿದುಬಂದಿದ್ದರೆ ಅದನ್ನು ಮರೆಮಾಚಬಾರದು. ದೀರ್ಘಕಾಲ ಕೊಟ್ಟರೆ ಏನಾಗುತ್ತದೆಂಬುದನ್ನು ಡೆನ್ಮಾರ್ಕಿನ ವೈದ್ಯರು 1956ರಲ್ಲಿ ವರದಿ ಮಾಡಿದರು: ಧನುರ್ವಾಯು ರೋಗಿಗಳಿಗೆ ದಿನಗಟ್ಟಲೆ ಈ ಅನಿಲವನ್ನು ಕೊಟ್ಟಾಗ ಮೂಳೆಯ ಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನೇ ತಗ್ಗಿಸಿಬಿಟ್ಟಿತ್ತು.

ಈ ಕಾರಣದಿಂದಲೇ ದಿನವೂ ಅದೇ ಕೋಣೆಯಲ್ಲಿ ದುಡಿಯುವ ವೈದ್ಯರ ಹಾಗೂ ದಾದಿಯರ ಕ್ಷೇಮವನ್ನೂ ನೋಡಬೇಕಾಗುತ್ತದೆ. ಮಗು ಬಿಟ್ಟ ಉಸಿರನ್ನು ಹೀರಿ ಕೊಳವೆಯ ಮೂಲಕ ಹೊರಕ್ಕೆ ಸಾಗಿಸುವ ಏರ್ಪಾಡು ಒಳ್ಳೆಯ ಚಿಕಿತ್ಸಾಲಯದಲ್ಲಿ ಇರಲೇಬೇಕು. ಗರ್ಭಿಣಿಯಾದ ತಾಯಿ ಆ ಕೋಣೆಯಲ್ಲಿ ಮಗುವಿನ ಪಕ್ಕ ಕೂರುವ ಮೊದಲು ವೈದ್ಯರಿಗೆ ಆ ಸಂಗತಿಯನ್ನು ಹೇಳುವುದು ಒಳ್ಳೆಯದು. ಇನ್ನು ಇದೇ ಅನಿಲವನ್ನು ಮೋಜಿಗಾಗಿ ಬೆಲೂನುಗಳಲ್ಲಿ ತುಂಬಿ ಸೇದುವ ಚಟ ಕೆಲವು ದೇಶಗಳ ತರುಣರಲ್ಲಿ ಹಬ್ಬಿ, ನರಗಳು ಕೆಟ್ಟು ನಡೆಯಲಾಗದ ಸ್ಥಿತಿಗೆ ಬಂದವರುಂಟು. ಬ್ರಿಟನ್ 2023ರ ನವೆಂಬರಿನಲ್ಲಿ ಅಂತಹ ಬಳಕೆಯನ್ನು ಅಪರಾಧವೆಂದು ಸಾರಿತು. ಬಲ್ಲವರ ಕೈಯಲ್ಲಿ ಮದ್ದಾದುದು ಚಪಲದ ಕೈಯಲ್ಲಿ ವಿಷವಾಗುತ್ತದೆ.

ಚಿಕಿತ್ಸೆಯ ವೇಳೆ ಮಗುವಿಗೆ ಆಗಬಹುದಾದ ತೊಂದರೆಗಳಲ್ಲಿ ಸಾಮಾನ್ಯವಾದುದು ಹೊಟ್ಟೆ ತೊಳಸುವುದು ಹಾಗೂ ವಾಂತಿ. ಅನಿಲದ ಅಳತೆಯನ್ನು ತಗ್ಗಿಸಿದರೆ ಅದು ಬಹುಮಟ್ಟಿಗೆ ಶಮನವಾಗುತ್ತದೆ.

ಬ್ರಿಟನ್ ಕಲಿತ ಪಾಠ

ಈ ಮೂರನೆಯ ದಾರಿಯ ಬೆಲೆಯನ್ನು ಒಂದು ದೇಶವೇ ಕಂಡುಕೊಂಡ ಬಗೆಯನ್ನು ಹೇಳದಿದ್ದರೆ ಕಥೆ ಪೂರ್ಣವಾಗದು. ಬ್ರಿಟನ್ನಿನಲ್ಲಿ ಬಹುಕಾಲದವರೆಗೆ ಊರೂರಿನ ದಂತಚಿಕಿತ್ಸಾಲಯಗಳಲ್ಲಿಯೇ ಮಕ್ಕಳಿಗೆ ಪೂರ್ಣ ಅರಿವಳಿಕೆ ಕೊಟ್ಟು ಹಲ್ಲು ಕೀಳುವ ವಾಡಿಕೆಯಿತ್ತು. ಸಾವಿರಾರು ಮಕ್ಕಳು ಕ್ಷೇಮವಾಗಿ ಮನೆಗೆ ಮರಳಿದರು. ಆದರೆ ಅಪರೂಪಕ್ಕೊಮ್ಮೆ, ಒಂದು ಹಲ್ಲಿಗಾಗಿ ಹೋದ ಮಗು ಮತ್ತೆ ಕಣ್ಣು ತೆರೆಯಲೇ ಇಲ್ಲ. ಹಲ್ಲುನೋವು ಪ್ರಾಣ ತೆಗೆಯುವ ರೋಗವಲ್ಲ. ಅದರ ಚಿಕಿತ್ಸೆ ಪ್ರಾಣ ತೆಗೆಯಬಹುದೆ? ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿತು. 1998ರಲ್ಲಿ ನಿಯಮಗಳು ಬಿಗಿಯಾದವು; 2000ದ ಜುಲೈಯಲ್ಲಿ ಸರಕಾರದ ಆರೋಗ್ಯ ಇಲಾಖೆ ಒಂದು ವರದಿಯನ್ನು ಹೊರಡಿಸಿತು. 2001ರ ಕೊನೆಗೆ ಆಸ್ಪತ್ರೆಯ ಹೊರಗೆ ಹಲ್ಲಿಗಾಗಿ ಪೂರ್ಣ ಅರಿವಳಿಕೆ ಕೊಡುವುದು ಅಲ್ಲಿ ಮುಕ್ತಾಯವಾಯಿತು. ಎಚ್ಚರ ತಪ್ಪಿಸದೆ ಮಗುವನ್ನು ಶಾಂತಗೊಳಿಸುವ ಕ್ರಮಕ್ಕೆ, ಅದರಲ್ಲಿಯೂ ನಗೆಯ ಅನಿಲಕ್ಕೆ, ಆದ್ಯತೆ ದೊರೆಯಿತು.

ತಾಯಿತಂದೆಯರ ಪಾಲಿನ ಕೆಲಸ

ನಮ್ಮಲ್ಲಿ ಬೆಂಗಳೂರು ಮೊದಲಾದ ನಗರಗಳಲ್ಲಿ, ಮಕ್ಕಳ ದಂತವೈದ್ಯದಲ್ಲಿ ಎಂ.ಡಿ.ಎಸ್. ಪದವಿ ಪಡೆದವರು ನಡೆಸುವ ಕೆಲವು ಚಿಕಿತ್ಸಾಲಯಗಳಲ್ಲಿ ಈ ಯಂತ್ರವಿದೆ. ಎಲ್ಲೆಡೆಯೂ ಇಲ್ಲ; ಇದ್ದಲ್ಲಿಯೂ ಖರ್ಚು ತುಸು ಹೆಚ್ಚು. ಯಂತ್ರವಿದ್ದ ಮಾತ್ರಕ್ಕೆ ಒಪ್ಪಿಕೊಳ್ಳಬೇಕೆಂದೂ ಇಲ್ಲ. ವೈದ್ಯರನ್ನು ವಿನಯದಿಂದಲೇ ಕೆಲವು ಪ್ರಶ್ನೆಗಳನ್ನು ಕೇಳಬಹುದು. ಈ ಅನಿಲವನ್ನು ಕೊಡುವ ತರಬೇತಿಯನ್ನು ತಾವು ಪಡೆದಿದ್ದೀರಾ? ಇದೊಂದನ್ನೇ ಕೊಡುವಿರೋ, ಜೊತೆಗೆ ನಿದ್ರೆಯ ಔಷಧಿಯನ್ನೂ ಕುಡಿಸುವಿರೋ? ಮಗುವಿನ ಉಸಿರನ್ನೂ ನಾಡಿಯನ್ನೂ ಉದ್ದಕ್ಕೂ ನೋಡಿಕೊಳ್ಳುವವರು ಯಾರು? ಅವಘಡವಾದರೆ ಏನು ಸಿದ್ಧತೆಯಿದೆ? ಎರಡನೆಯ ಪ್ರಶ್ನೆ ಅತ್ಯಂತ ಮುಖ್ಯವಾದುದು. ಬೇರೆ ಔಷಧಿ ಸೇರಿದೊಡನೆ ಮಗು ಹೆಚ್ಚು ಆಳಕ್ಕೆ ಜಾರಬಹುದು. ಆಗ ಉಪವಾಸದ ನಿಯಮವೂ ಜಾಗರೂಕತೆಯೂ ಬೇರೆಯೇ ಆಗುತ್ತವೆ. ಅನಿಲವೊಂದೇ ಆದರೆ ಹೊಟ್ಟೆ ಬಿರಿಯುವಂತೆ ಉಣ್ಣಿಸದೆ, ವೈದ್ಯರು ಹೇಳಿದ ಹೊತ್ತಿನಲ್ಲಿ ಲಘುವಾದ ಉಪಾಹಾರ ಕೊಟ್ಟು ಕರೆದೊಯ್ದರೆ ಸಾಕೆನ್ನುವುದುಂಟು.

ಇವೆಲ್ಲಕ್ಕಿಂತ ದೊಡ್ಡದು ಮನೆಯಲ್ಲಿ ಆಡುವ ಮಾತು. “ತುಂಟತನ ಮಾಡಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸುತ್ತೇನೆ, ನೋಡು!” ಎಂದು ಗದರಿಸದ ಮನೆ ಎಷ್ಟಿವೆ? ಹಾಗೆ ಬೆದರಿಸಿ ಬೆಳೆಸಿದ ಮಗುವನ್ನು ಒಂದು ಬೆಳಗ್ಗೆ ಅದೇ ಡಾಕ್ಟರ ಮುಂದೆ ಕೂರಿಸಿ “ಹೆದರಬೇಡ” ಎಂದರೆ ಅದು ನಂಬೀತೇ? “ಏನೂ ನೋವಾಗುವುದಿಲ್ಲ” ಎಂಬ ಸುಳ್ಳು ಭರವಸೆಯೂ ಬೇಡ. ಇರುವೆ ಕಡಿದಷ್ಟು ನೋವಾದರೂ ಮಗುವಿನ ಲೆಕ್ಕದಲ್ಲಿ ಅಮ್ಮ ಸುಳ್ಳುಗಾತಿಯಾಗುತ್ತಾಳೆ. “ಡಾಕ್ಟರು ನಿನ್ನ ಹಲ್ಲು ನೋಡಿ ಸರಿಮಾಡುತ್ತಾರೆ, ನಾನು ಹತ್ತಿರದಲ್ಲಿಯೇ ಇರುತ್ತೇನೆ” ಎಂಬಷ್ಟು ನಿಜ ಸಾಕು. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೇ ದಂತವೈದ್ಯರ ಮೊದಲ ಭೇಟಿಯಾಗಲಿ ಎಂದು ತಜ್ಞರು ಹೇಳುವುದು ಇದಕ್ಕಾಗಿಯೇ. ನೋವಿಲ್ಲದ ದಿನ ಪರಿಚಯವಾದವರನ್ನು ನೋವಿನ ದಿನ ಮಗು ನಂಬುತ್ತದೆ.

ಅನಿಲದ ಸಾಮರ್ಥ್ಯವೆಲ್ಲ ಈ ನಂಬಿಕೆಯನ್ನು ಅವಲಂಬಿಸಿದೆ. ಅದು ಮಾಟವಲ್ಲ, ಮಂತ್ರವಲ್ಲ. ಮೆತ್ತಗೆ ಮಾತನಾಡುವ ವೈದ್ಯರ ದನಿಗೆ, ಪಕ್ಕದಲ್ಲಿರುವ ತಾಯಿಯ ಸ್ಪರ್ಶಕ್ಕೆ ಮಗುವಿನ ಮನಸ್ಸು ತೆರೆಯುವಂತೆ ಒಂದಿಷ್ಟು ಹೊತ್ತು ನೆರವಾಗುತ್ತದೆ, ಅಷ್ಟೆ. ಒಂದೆರಡು ಸಲ ಹೀಗೆ ಚಿಕಿತ್ಸೆ ಪಡೆದ ಎಷ್ಟೋ ಮಕ್ಕಳು ಮುಂದಿನ ಸಲ ಮಾಸ್ಕಿಲ್ಲದೆಯೇ ಕುರ್ಚಿ ಏರುವುದುಂಟು. ಅನಿಲದ ನಿಜವಾದ ಗೆಲವು ಅದು ಬೇಡವಾದ ದಿನದಲ್ಲಿಯೇ ಇದೆ. ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಸಿಹಿತಿಂಡಿಗೆ ತಡೆಹಾಕುವುದು ಇವುಗಳಿಂದ ಆ ದಿನವನ್ನು ಹತ್ತಿರ ತರುವುದು ನಮ್ಮ ಕೈಯಲ್ಲಿದೆ. ಅದರವರೆಗೆ, ಕೆನ್ನೆ ಹಿಡಿದು ಕುಳಿತ ಮಗುವಿನ ಬಾಯನ್ನು ಬಲದಿಂದ ತೆರೆಸುವ ಬದಲು, ಅದು ತಾನಾಗಿ ತೆರೆಯುವವರೆಗೆ ಕಾಯುವ ವೈದ್ಯರೂ ತಾಯಿತಂದೆಯರೂ ನಮ್ಮಲ್ಲಿ ಹೆಚ್ಚಲಿ.